ನಲ್ಲಿಯ ಒಳಗಿನ ತೊಗಲು

ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತಿದ್ದಾಗ ಓದಿ.

ನಮ್ಮ ಬಾಡಿಗೆ ಮನೆಯ ಬಚ್ಚಲ ನಲ್ಲಿ ಹದಿನೈದು ದಿನದಿಂದ ತೊಟ್ಟಿಕ್ತಾ ಇತ್ತು. ಓನರ್‌ಗೆ ಹೇಳಿ ಹೇಳಿ ಸಾಕಾಗಿ ನಾನೇ ಒಬ್ಬ ಹಿರಿಯ ಪ್ಲಂಬರ್ ಒಬ್ಬರನ್ನ ಕರೆಸಿದೆ. ವಯಸ್ಸು ಎಪ್ಪತ್ತರ ಹತ್ತಿರ. ಅವರು ವಾಲ್ವ್ ಬಂದ್ ಮಾಡಿ, ಸ್ಪ್ಯಾನರ್ ಹಾಕಿ ನಲ್ಲಿಯ ತಲೆ ಬಿಚ್ಚಿ, ಸ್ಪಿಂಡಲ್ ಹೊರಗೆಳೆದು, ಅದರ ತುದಿಯಲ್ಲಿ ಸವೆದುಹೋಗಿದ್ದ ರಬ್ಬರ್ ಬಿಲ್ಲೆಯನ್ನ ನನ್ನ ಅಂಗೈಗೆ ಹಾಕಿದರು.

"ಇಷ್ಟೇ ಸಾರ್ ಕಾಯಿಲೆ. ವಾಷರ್ ಹೋಗದೆ. ನಾನು ಕೆಲಸ ಕಲಿಯುವಾಗ ಇದು ರಬ್ಬರಲ್ಲ, ತೊಗಲು. ಚಪ್ಪಲಿ ಹೊಲಿಯೋರ ಹತ್ರ ಚೂರು ತಂದು, ದುಂಡಗೆ ಕತ್ತರಿಸಿ, ಎಣ್ಣೇಲಿ ನೆನೆಸಿ ಹಾಕ್ತಿದ್ವಿ."

ಹತ್ತು ನಿಮಿಷದಲ್ಲಿ ನಲ್ಲಿ ಸರಿಯಾಯ್ತು. ನನ್ನ ತಲೆಯೊಳಗೆ ಮಾತ್ರ ಆ ತೊಗಲು ತೊಟ್ಟಿಕ್ತಾನೇ ಇದೆ.

ತಿರುಗಿಸಿ ಮುಚ್ಚುವ ಈ ಬಗೆಯ ನಲ್ಲಿಗೆ ಇಂಗ್ಲೆಂಡಿನ ರಾದರ್‌ಹ್ಯಾಮ್‌ನಲ್ಲಿ ಗೆಸ್ಟ್ ಅಂಡ್ ಕ್ರೈಮ್ಸ್ ಅನ್ನೋ ಕಂಪನಿ ಪೇಟೆಂಟ್ ಪಡೆದದ್ದು 1845ರಲ್ಲಿ. ಹಿಡಿ ತಿರುಗಿಸಿದರೆ ಸ್ಪಿಂಡಲ್ ಕೆಳಗಿಳಿದು ವಾಷರನ್ನ ಹಿತ್ತಾಳೆಯ ಬಾಯಿಗೆ ಒತ್ತುತ್ತೆ, ನೀರು ನಿಲ್ಲುತ್ತೆ. ತಣ್ಣೀರಿನ ನಲ್ಲಿಗಳಲ್ಲಿ ಬಹುಕಾಲ ಆ ವಾಷರ್ ಚರ್ಮದ್ದೇ. ಅಂದ್ರೆ ನೀರು ಬಿಡೋದೂ, ನೀರು ಕಟ್ಟೋದೂ ತೊಗಲಿನ ಕೆಲಸ.

ಈ ಗುಟ್ಟು ಮಡಿವಂತರಿಗೆ ನಮಗಿಂತ ಮೊದಲೇ ಗೊತ್ತಿತ್ತು! 1870ರಲ್ಲಿ ಕಲ್ಕತ್ತಕ್ಕೆ ಪೈಪಿನ ನೀರು ಬಂದಾಗಲೇ ಸನಾತನಿಗಳು ಮಡಿ-ಮೈಲಿಗೆಯ ತಕರಾರು ತೆಗೆದಿದ್ದರು. ಬೆಂಗಳೂರಿಗೆ 1894ರಲ್ಲಿ ಹೆಸರಘಟ್ಟದ ಯೋಜನೆ ಶುರುವಾಗಿ 1896ರಲ್ಲಿ ನೀರು ಬಂತು. ಆಮೇಲೂ ಎಷ್ಟೋ ಮಡಿವಂತರ ಮನೆಗಳಲ್ಲಿ ನಲ್ಲಿ ನೀರು ಬಟ್ಟೆ ಒಗೆಯೋಕೆ ಆಗ್ತಿತ್ತು, ದೇವರಿಗೆ ಆಗ್ತಿರಲಿಲ್ಲ. ಅದಕ್ಕೆ ಬಾವಿ ನೀರೇ ಬೇಕು. ಯಾಕಂದ್ರೆ ನಲ್ಲಿಯೊಳಗೆ ಚರ್ಮ ಇದೆ. ಕಾಲಕ್ರಮೇಣ ಬಾವಿಯಿಂದ ಸೇದೋ ಕಷ್ಟ ಮಡಿಯನ್ನ ಗೆದ್ದುಬಿಡ್ತು. ತೊಗಲಿನ ಮೈಲಿಗೆಯನ್ನ ಸದ್ದಿಲ್ಲದೆ ಮರೆತರು. ತೊಗಲು ಹದ ಮಾಡಿದವರ ಮೈಲಿಗೆ ಮಾತ್ರ ಮರೆಯಲಿಲ್ಲ.

ಸುಣ್ಣದ ಗುಂಡಿಯಲ್ಲಿ ಕೂದಲು ಕಳಚಿ, ತಂಗಡಿ ಚಕ್ಕೆಯ ರಸದಲ್ಲಿ ದಿನಗಟ್ಟಲೆ ನೆನೆಸಿ, ಕೈ ಒಡೆದುಕೊಂಡು ತೊಗಲು ಹದ ಮಾಡಿದವರು ನಮ್ಮ ತಾತ ಮುತ್ತಾತಂದಿರು. ಕಪಿಲೆಯ ಚರ್ಮದ ಚೀಲ ಹೊಲಿದು ಊರಿನ ಗದ್ದೆಗೆಲ್ಲ ನೀರು ಹಾಯಿಸಿಕೊಟ್ಟವರೂ ಅವರೇ. ಆದ್ರೆ ಅದೇ ಬಾವಿಗೆ ಅವರು ಬಿಂದಿಗೆ ಇಳಿಸೋ ಹಾಗಿರಲಿಲ್ಲ.

ಈಗ ಬಾಬಾಸಾಹೇಬರ ಬದುಕಿಗೆ ಬನ್ನಿ. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರು ತಮ್ಮ ಶಾಲೆಯ ನಲ್ಲಿಯ ಬಗ್ಗೆ ಬರೀತಾರೆ. ಉಳಿದ ಮಕ್ಕಳು ಮೇಷ್ಟ್ರನ್ನ ಕೇಳಿ ಹೋಗಿ, ನಲ್ಲಿ ತಿರುಗಿಸಿ ಕುಡೀಬಹುದು. ಭೀಮನಿಗೆ ಮಾತ್ರ ಜವಾನ ಬಂದು ನಲ್ಲಿ ತೆಗೀಬೇಕು. ಜವಾನ ಇಲ್ಲ ಅಂದ್ರೆ ಆ ದಿನ ನೀರಿಲ್ಲ. ನಲ್ಲಿಯೊಳಗಿನ ತೊಗಲಿಗೆ ನೀರು ಮುಟ್ಟೋ ಹಕ್ಕಿತ್ತು, ಆ ಮಗುವಿಗೆ ಇರಲಿಲ್ಲ.

ಅದೇ ಪುಸ್ತಕದಲ್ಲಿ ಇನ್ನೊಂದು ನಲ್ಲಿ ಇದೆ. ಕೊಲಂಬಿಯಾದಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದಾಗ ಅವರಿಗೆ ಊರಲ್ಲಿ ಬಾಡಿಗೆ ಮನೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಒಂದು ಪಾರ್ಸಿ ಛತ್ರ ಸೇರಿದರು. ದಿನಕ್ಕೆ ಒಂದೂವರೆ ರೂಪಾಯಿ. ಮಹಡಿ ಮೇಲೊಂದು ಸಣ್ಣ ಕೋಣೆ, ಪಕ್ಕದಲ್ಲಿ ಸಣ್ಣ ಬಚ್ಚಲು, ಅದರಲ್ಲಿ ಒಂದು ನಲ್ಲಿ. ಯಾವ ಜವಾನನ ಹಂಗೂ ಇಲ್ಲದ ನಲ್ಲಿ, ಆದರೆ ಸುಳ್ಳು ಹೆಸರಿನ ಹಂಗಿನದು. ಹನ್ನೊಂದನೇ ದಿನ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಬಂದರು. ಇಬ್ಬರು ಗೆಳೆಯರೂ ಮನೆಗೆ ಸೇರಿಸಿಕೊಳ್ಳಲಿಲ್ಲ. ಪಾರ್ಕಿನಲ್ಲಿ ಕೂತು ಕಾದು, ರಾತ್ರಿ ರೈಲು ಹತ್ತಿದರು.

ಹತ್ತು ವರ್ಷ ಆದಮೇಲೆ, 1927ರ ಮಾರ್ಚ್ 20ರಂದು, ಅದೇ ಮನುಷ್ಯ ಸಾವಿರಾರು ಜನರ ಜೊತೆ ಮಹಾಡಿನ ಚೌದಾರ್ ಕೆರೆಗೆ ನಡೆದು ನೀರು ಮುಟ್ಟಿದರು. ಕೋರ್ಟಿನಲ್ಲಿ ಗೆಲ್ಲೋಕೆ 1937ರವರೆಗೆ ಕಾಯಬೇಕಾಯ್ತು. ಆಮೇಲೆ ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರು ಬಂತು. ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟೋದನ್ನ, ಕೊಳ್ಳೋದನ್ನ, ವಾಸ ಮಾಡೋದನ್ನ ಅಸ್ಪೃಶ್ಯತೆಯ ಕಾರಣಕ್ಕೆ ತಡೆದರೆ ಅದು ಅಪರಾಧ ಅಂತ 1955ರ ಕಾಯ್ದೆ ಹೇಳ್ತು.

ಮುಂದೆ ಹಳ್ಳಿಗಳಿಗೆ ಬೋರ್‌ವೆಲ್ ಬಂತು. ಇಂಡಿಯಾ ಮಾರ್ಕ್ 2 ಕೈಪಂಪು ನೆನಪಿದೆಯಲ್ಲ? ಅದರ ಸಿಲಿಂಡರ್ ಒಳಗೆ ನೀರೆತ್ತುವ ಬಟ್ಟಲು ವಾಷರೂ ಮೊದಲು ಚರ್ಮದ್ದೇ, ನೈಟ್ರೈಲ್ ರಬ್ಬರ್ ಬಂದದ್ದು ಆಮೇಲೆ. ನಮ್ಮವ್ವ ಆ ಪಂಪಿನ ಹತ್ರ ಬಿಂದಿಗೆ ದೂರ ಇಟ್ಕೊಂಡು, ಎಲ್ಲರದ್ದೂ ತುಂಬೋವರೆಗೆ ನಿಂತಿರ್ತಿದ್ಲು.

ಇವತ್ತು? ಈ ಮನೆ ಸಿಗೋ ಮುಂಚೆ ನಾಲ್ಕು ಕಡೆ "ನೀವು ಯಾವ ಜನ?" ಅಂತ ಕೇಳಿಸಿಕೊಂಡಿದ್ದೀನಿ. ಒಂದು ಕಡೆ ಅಡ್ವಾನ್ಸ್ ವಾಪಸ್ ಕೊಟ್ಟರು. ಹೋಗ್ತಾ ಪ್ಲಂಬರ್ ಯಜಮಾನ್ರನ್ನ ಕೇಳಿದೆ, ನಿಮ್ಮ ಊರು, ಕೇರಿ ಯಾವುದು ಅಂತ. ನಕ್ಕರು. "ನಿಮ್ಮೋನೇ ಸಾರ್. ಎಲ್ಲಾರ ಬಚ್ಚಲಿಗೂ ಹೋಗಿದೀನಿ. ರಿಪೇರಿಗೆ ಕರೆಯುವಾಗ ಯಾರೂ ಜಾತಿ ಕೇಳಲ್ಲ. ನನ್ನ ಮಗ ಬಾಡಿಗೆಗೆ ಹೋದ್ರೆ ಕೇಳ್ತಾರೆ."

ಗೆಳೆಯರೇ, ರಿಪೇರಿ ಮಾಡೋ ಕೈ ಬೇಕು, ಅದೇ ಕೈ ಬೆಳಗ್ಗೆ ಎದ್ದು ಅದೇ ನಲ್ಲಿ ತಿರುಗಿಸಿ ಮುಖ ತೊಳೀಬಾರದು. ಬರೋಡಾದ ಹನ್ನೊಂದನೇ ದಿನ ಇನ್ನೂ ಮುಗಿದಿಲ್ಲ. ಬಾಡಿಗೆ ಮನೆಗೆ ಜಾತಿ ಕೇಳಿದವರ ಅನುಭವ ನಿಮಗಿದ್ದರೆ, ಊರು, ವರ್ಷದ ಸಮೇತ ಕಾಮೆಂಟಲ್ಲಿ ಬರೀರಿ. ಹೆಸರು ಬೇಡ. ನಮ್ಮ ಚರಿತ್ರೆಯನ್ನ ನಾವೇ ಬರೆದಿಡಬೇಕು.

ಜೈ ಭೀಮ್.