ಕೆಡಂಪ್: ಸೆರೆಗರ್ನಲ್ಲಿನ ಮೆಮೊರಿ ಮಿತಿ

ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್ ಕುಸಿದುಬಿದ್ದಾಗ ಆ ಕ್ಷಣದಲ್ಲಿ ಮೆಮೊರಿಯಲ್ಲಿದ್ದುದನ್ನು ಯಥಾವತ್ತಾಗಿ ಸೆರೆಹಿಡಿದು ಅನಂತರದ ಪರೀಕ್ಷೆಗಾಗಿ ಉಳಿಸಿಕೊಡುವ ಏರ್ಪಾಡು ಕೆಡಂಪ್. ಆ ಕೆಲಸಕ್ಕೆಂದೇ ಎಬ್ಬಿಸಲ್ಪಡುವ ಎರಡನೆಯ ಕರ್ನಲ್, ತನಗೆ ಮೊದಲೇ ಗೊತ್ತುಮಾಡಿಟ್ಟ ಅಲ್ಪ ಪ್ರದೇಶವನ್ನು ಬಿಟ್ಟು ಹೊರಗೆ ಕಾಲಿಡಬಾರದೆಂದು ವಿಧಿಸುವ ಕಟ್ಟುಪಾಡು ಈ ಏರ್ಪಾಡಿನ ಜೀವಾಳವಾಗಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಂಥ ಮಳೆ ಕಡಿಮೆಯಾದ ಸೀಮೆಯ ರೈತರು ಎಂಥ ಬರದಲ್ಲಿಯೂ ಬಿತ್ತನೆಯ ರಾಗಿಯನ್ನು ಉಣ್ಣುವ ರಾಗಿಯೊಡನೆ ಬೆರಸದೆ ಬೇರೆಯಾಗಿಯೇ ಕಾದಿಟ್ಟುಕೊಳ್ಳುವಂತೆ, ಗಣಕವು ಸುಸ್ಥಿತಿಯಲ್ಲಿರುವಾಗಲೇ ತನ್ನ ಮೆಮೊರಿಯ ಒಂದು ಪಾಲನ್ನು ತನ್ನ ಕೈಗೂ ಎಟುಕದ ಹಾಗೆ ತೆಗೆದಿರಿಸುತ್ತದೆ. ಈ ಮಿತಿಯನ್ನು ಕೇವಲ ಮಿತವ್ಯಯವೆಂದು ತಿಳಿಯುವುದುಂಟು. ವಸ್ತುತಃ ಅದು ಸಾಕ್ಷ್ಯದ ಪರಿಶುದ್ಧಿಯ ನಿಬಂಧನೆ. ಎರಡನೆಯ ಕರ್ನಲ್ ಮೊದಲನೆಯದರ ಮೆಮೊರಿಯಲ್ಲಿ ಒಂದೇ ಒಂದು ಪುಟವನ್ನು, ಎಂದರೆ ಮೆಮೊರಿಯನ್ನು ಅಳೆದು ಹಂಚುವ ಸಣ್ಣ ತುಂಡನ್ನು, ಅಳಿಸಿ ಬರೆದರೂ, ಕುಸಿತದ ಕಾರಣ ಅದೇ ಪುಟದಲ್ಲಿದ್ದಿರಬಹುದೆಂಬ ಸಂಶಯ ಪರಿಹಾರವಾಗುವುದಿಲ್ಲ.

ಪೂರ್ವೇತಿಹಾಸ

ಮೊದಮೊದಲಿನ ಪ್ರಯತ್ನಗಳಲ್ಲಿ ಕುಸಿದ ಕರ್ನಲ್ಲೇ ತನ್ನ ಮೆಮೊರಿಯನ್ನು ಡಿಸ್ಕಿಗೆ ಬರೆಯಬೇಕಾಗಿತ್ತು. 1999ರಲ್ಲಿ ಎಸ್‌ಜಿಐ ಸಂಸ್ಥೆ ಹೊರತಂದ ಎಲ್‌ಕೆಸಿಡಿ ಈ ಮಾರ್ಗವನ್ನೇ ಹಿಡಿದಿತ್ತು. ಅನಂತರ ಬಂದ ನೆಟ್‌ಡಂಪ್ ಜಾಲದ ಮೂಲಕವೂ ಡಿಸ್ಕ್‌ಡಂಪ್ ಡಿಸ್ಕಿನ ಮೂಲಕವೂ ಅದೇ ಕಾರ್ಯವನ್ನು ಸಾಧಿಸಲೆಳಸಿದವು. ಇವೆಲ್ಲಕ್ಕೂ ಸಮಾನವಾದ ದೋಷವೊಂದಿತ್ತು: ಯಾವ ಕರ್ನಲ್ಲಿನ ಬುದ್ಧಿ ಕೆಟ್ಟಿದೆಯೋ ಅದರ ಡ್ರೈವರುಗಳನ್ನೂ ಬೀಗಗಳನ್ನೂ ನಂಬಿಯೇ ನಡೆಯಬೇಕು. ಡಿಸ್ಕಿನ ಡ್ರೈವರಿನಲ್ಲಿಯೇ ತಪ್ಪಿದ್ದ ಪಕ್ಷದಲ್ಲಿ ಡಂಪು, ಎಂದರೆ ಹೀಗೆ ಸೆರೆಹಿಡಿದ ಮೆಮೊರಿಯ ನಕಲು, ಸಿಕ್ಕದಿರುವುದಷ್ಟೇ ಅಲ್ಲ, ಸರಿಯಿದ್ದ ದತ್ತಾಂಶವೂ ಹಾಳಾಗುವ ಅಪಾಯವಿತ್ತು.

ಬೆಂಗಳೂರಿನ ಕೆಲಸ

ಈ ದೋಷದಿಂದ ಪಾರಾಗುವ ದಾರಿ ಬಹುಮಟ್ಟಿಗೆ ಕರ್ನಾಟಕದಲ್ಲಿ ರೂಪುಗೊಂಡಿತೆಂಬುದು ನಮ್ಮ ನಾಡಿನ ಗಣಕಶಾಸ್ತ್ರದ ಇತಿಹಾಸದಲ್ಲಿ ದೊರೆಯಬೇಕಾದಷ್ಟು ಗಮನವನ್ನು ಇನ್ನೂ ಪಡೆದಿಲ್ಲ. ಎರಿಕ್ ಬೀಡರ್ಮನ್ ರಚಿಸಿದ ಕೆಎಕ್ಸೆಕ್ ಎಂಬ ಸೌಕರ್ಯದಿಂದ, ಯಂತ್ರವನ್ನು ಮೊದಲಿನಿಂದ ಏಳಿಸುವ ಬಯೋಸಿನ ಮೊರೆಹೋಗದೆ, ನಡೆಯುತ್ತಿರುವ ಕರ್ನಲ್ಲಿನಿಂದ ನೇರವಾಗಿ ಮತ್ತೊಂದು ಕರ್ನಲ್ಲಿಗೆ ಜಿಗಿಯುವುದು ಸಾಧ್ಯವಾಗಿತ್ತು. ಈ ಜಿಗಿತವನ್ನು ಕುಸಿತದ ಸಮಯಕ್ಕೆ ಬಳಸಿಕೊಳ್ಳಬಹುದೆಂಬ ಆಲೋಚನೆಯನ್ನು ಐಬಿಎಂ ಸಂಸ್ಥೆಯ ಬೆಂಗಳೂರು ತಂಡದ ಹರಿಪ್ರಸಾದ್ ನೆಲ್ಲಿತೀರ್ಥ 2004ರಲ್ಲಿ ಪ್ಯಾಚುಗಳ ರೂಪಕ್ಕೆ ತಂದರು. ವಿವೇಕ್ ಗೋಯಲ್ ಮತ್ತು ಮನೀಶ್ ಸೋನಿ ಅದನ್ನು ಮುಂದುವರಿಸಿ ದೃಢಪಡಿಸಿದರು. ಗೋಯಲ್, ಬೀಡರ್ಮನ್, ನೆಲ್ಲಿತೀರ್ಥ ಈ ಮೂವರೂ ಸೇರಿ ಬರೆದ ಪ್ರಬಂಧ 2005ರಲ್ಲಿ ಕೆನಡದ ಒಟ್ಟಾವ ಲಿನಕ್ಸ್ ಸಮ್ಮೇಳನದಲ್ಲಿ ಮಂಡಿತವಾಯಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಹೊರಬಿದ್ದ 2.6.13ನೆಯ ಕರ್ನಲ್ ಆವೃತ್ತಿಯಲ್ಲಿ ಕೆಎಕ್ಸೆಕ್ಕೂ ಕೆಡಂಪೂ ಒಟ್ಟಿಗೇ ಸೇರ್ಪಡೆಯಾದವು.

ಮಿತಿಯ ರಚನೆ

ಮೊದಲನೆಯ ಕರ್ನಲ್ಲಿನ ಆಜ್ಞಾಸಾಲಿನಲ್ಲಿ ‘ಕ್ರ್ಯಾಷ್‌ಕರ್ನಲ್=64ಎಂ@16ಎಂ’ ಎಂದು ಬರೆದರೆ, ಭೌತಿಕ ಮೆಮೊರಿಯ 16 ಎಂಬಿ ವಿಳಾಸದಿಂದ ಮೊದಲ್ಗೊಂಡು 64 ಎಂಬಿ ಪ್ರದೇಶ ಮೀಸಲಾಗಿ ನಿಲ್ಲುತ್ತದೆ; ಸೆರೆಗರ್ನಲ್ ಎಂದು ಇಲ್ಲಿ ಕರೆಯಲಾಗುವ ಎರಡನೆಯ ಕರ್ನಲ್ಲನ್ನೂ ಅದರ ಆರಂಭಿಕ ಕಡತವ್ಯವಸ್ಥೆಯಾದ ಇನಿಟ್‌ರಾಮ್‌ಎಫ್‌ಎಸ್ಸನ್ನೂ ಆಪತ್ತು ಬರುವ ಮೊದಲೇ ಅಲ್ಲಿ ತಂದಿರಿಸಲಾಗುತ್ತದೆ. ಈ ಪ್ರದೇಶವನ್ನು ಮೊದಲನೆಯ ಕರ್ನಲ್ ಬೇರೆ ಯಾವ ಕೆಲಸಕ್ಕೂ ಹಂಚುವುದಿಲ್ಲವಾದುದರಿಂದ ಸಿದ್ಧಿಸುವ ಪ್ರಯೋಜನವೊಂದನ್ನು ವಿಶೇಷವಾಗಿ ಗಮನಿಸಬೇಕು. ಕುಸಿತದ ತರುವಾಯವೂ ಜಾಲದ ಕಾರ್ಡು, ಡಿಸ್ಕಿನ ನಿಯಂತ್ರಕ ಮೊದಲಾದ ಸಾಧನಗಳು ಕುಸಿತದ ಅರಿವೇ ಇಲ್ಲದೆ ತಮಗೆ ಹಿಂದೆ ಒಪ್ಪಿಸಿದ್ದ ವಿಳಾಸಗಳಿಗೆ ಡಿಎಂಎ ಮಾರ್ಗವಾಗಿ, ಎಂದರೆ ಪ್ರೊಸೆಸರಿನ ನೆರವಿಲ್ಲದೆ ನೇರವಾಗಿ, ಬರೆಯುತ್ತಲೇ ಇರುತ್ತವೆ. ಮೀಸಲು ಪ್ರದೇಶದ ವಿಳಾಸವನ್ನು ಯಾವ ಸಾಧನಕ್ಕೂ ಎಂದೂ ಕೊಟ್ಟಿಲ್ಲವಾದಕಾರಣ ಆ ಬರವಣಿಗೆ ಸೆರೆಗರ್ನಲ್ಲಿನ ಮೇಲೆ ಬೀಳುವುದಿಲ್ಲ. ಮಿತಿಯು ಹಳೆಯ ಮೆಮೊರಿಯನ್ನು ಹೊಸ ಕರ್ನಲ್ಲಿನಿಂದ ಕಾಪಾಡುವಂತೆಯೇ ಹೊಸ ಕರ್ನಲ್ಲನ್ನು ಹಳೆಯ ಸಾಧನಗಳಿಂದಲೂ ಕಾಪಾಡುತ್ತದೆ.

ಕುಸಿತ ಒದಗಿದೊಡನೆ, ಕುಸಿದ ಪ್ರೊಸೆಸರ್ ಉಳಿದ ಪ್ರೊಸೆಸರುಗಳನ್ನು ತಡೆಯಲಾಗದ ಇಂಟರಪ್ಟಿನಿಂದ ನಿಲ್ಲಿಸಿ, ಪ್ರತಿಯೊಂದರ ರಿಜಿಸ್ಟರುಗಳನ್ನೂ ಟಿಪ್ಪಣಿಯಾಗಿ ಬರೆದಿರಿಸಿ, ಪರ್ಗೇಟರಿ ಎಂಬ ಪುಟ್ಟ ಮಧ್ಯವರ್ತಿ ಕ್ರಮವಿಧಿಗೆ ಅಧಿಕಾರವನ್ನೊಪ್ಪಿಸುತ್ತದೆ. ಮೀಸಲು ಪ್ರದೇಶದಲ್ಲಿ ಇರಿಸಿದ್ದ ಕರ್ನಲ್ ಕೆಟ್ಟಿಲ್ಲವೆಂಬುದನ್ನು ಅದು ಎಸ್‌ಎಚ್‌ಎ-256 ಲೆಕ್ಕದಿಂದ ತಾಳೆನೋಡುತ್ತದೆ. ಎಕ್ಸ್86 ಗಣಕಗಳಲ್ಲಿ ಯಾವ ಕರ್ನಲ್ಲಿಗಾದರೂ ಏಳಲು ಮೆಮೊರಿಯ ಮೊದಲ 640 ಕೆಬಿ ಬೇಕಾಗುವುದರಿಂದ, ಆ ಭಾಗವನ್ನು ಮಾತ್ರ ಮೀಸಲು ಪ್ರದೇಶದೊಳಗೆ ನಕಲು ಮಾಡಿಟ್ಟು ತೆರವುಗೊಳಿಸುವುದು ಮೊದಲಿನ ವಿಧಾನವಾಗಿತ್ತು. ಡಂಪನ್ನು ಓದುವವನಿಗೆ ಆ 640 ಕೆಬಿ ತನ್ನ ಸಹಜ ಸ್ಥಾನದಲ್ಲಿಯೇ ಇದ್ದಂತೆ ತೋರುವ ಹಾಗೆ ಡಂಪಿನ ಶಿರೋಲೇಖವನ್ನು ಹೊಂದಿಸಲಾಗುತ್ತಿತ್ತು.

ಸೆರೆಗರ್ನಲ್ಲಿಗೆ ಅದರ ಎಲ್ಲೆಯನ್ನು ತಿಳಿಸುವುದು ಹೇಗೆ? ಲಿನಕ್ಸಿನಲ್ಲಿ ಬಹುಕಾಲದಿಂದ ಇದ್ದ ‘ಮೆಮ್=’ ಎಂಬ ನಿಯಮ ಸಾಕಾಗುವುದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಅದು ಗೊತ್ತುಮಾಡುವುದು ಮೇಲಿನ ಗಡಿಯನ್ನು ಮಾತ್ರ. ಮೀಸಲು ಪ್ರದೇಶ 16ರಿಂದ 80 ಎಂಬಿವರೆಗೆ ಇರುವಲ್ಲಿ ‘ಮೆಮ್=80ಎಂ’ ಎಂದರೆ, ಕೆಳಗಿನ 16 ಎಂಬಿಯಲ್ಲಿ ಮಲಗಿರುವ ಹಳೆಯ ಕರ್ನಲ್ಲಿನ ಸಾಕ್ಷ್ಯವೂ ಹೊಸದರ ಸ್ವತ್ತಾಗಿ ಅಳಿದುಹೋಗುತ್ತದೆ. ಆದ್ದರಿಂದ ‘ಮೆಮ್‌ಮ್ಯಾಪ್=ಎಗ್ಸಾಕ್ಟ್‌ಮ್ಯಾಪ್’ ಎಂಬ ಕಟ್ಟುನಿಟ್ಟಾದ ನಿಯಮವನ್ನು ಹೂಡಲಾಯಿತು: ಫರ್ಮ್‌ವೇರ್ ಕೊಟ್ಟ ಮೆಮೊರಿಯ ಪಟ್ಟಿಯನ್ನು ಬದಿಗಿರಿಸಿ, ಇದರ ಮುಂದೆ ಒಂದೊಂದಾಗಿ ನಮೂದಿಸಿದ ಖಂಡಗಳನ್ನು ಮಾತ್ರ ನಿನ್ನವೆಂದು ತಿಳಿ ಎಂಬುದು ಅದರ ತಾತ್ಪರ್ಯ. ಈಚಿನ ಉಪಕರಣಗಳು ಇದೇ ಪಟ್ಟಿಯನ್ನು ಆಜ್ಞಾಸಾಲಿನಲ್ಲಿ ಬರೆಯದೆ ಬೂಟ್ ಮಾಹಿತಿಯೊಳಗೆ ಸೇರಿಸಿ ಕೊಡುತ್ತವೆ. ಹೊರಗುಳಿದ ಮೆಮೊರಿಯನ್ನು ಸೆರೆಗರ್ನಲ್ ಹಂಚಲಾರದು, ಓದಬಲ್ಲದು. ‘ಪ್ರಾಕ್’ ಕೋಶದ ‘ವಿಎಂಕೋರ್’ ಕಡತದ ಮೂಲಕ ಅದೆಲ್ಲವೂ ತೋರಿಬರುತ್ತದೆ.

ಮೀಸಲು ಪ್ರದೇಶದ ಸ್ಥಾನದ ವಿಷಯದಲ್ಲಿಯೂ ತೊಡಕುಗಳಿದ್ದವು. ಆರಂಭದಲ್ಲಿ ಸೆರೆಗರ್ನಲ್ಲನ್ನು ಬೇರೆ ವಿಳಾಸಕ್ಕೆ ಹೊಂದುವಂತೆ ಪ್ರತ್ಯೇಕವಾಗಿಯೇ ಕಟ್ಟಬೇಕಾಗಿತ್ತು. ಎಲ್ಲಿಟ್ಟರೂ ನಡೆಯಬಲ್ಲ ಕರ್ನಲ್ ಬಂದ ಮೇಲೆ ಒಂದೇ ಕರ್ನಲ್ ಎರಡು ಪಾತ್ರಗಳಿಗೂ ಒದಗಿತು. 64 ಬಿಟ್ಟಿನ ಎಕ್ಸ್86 ಗಣಕಗಳಲ್ಲಿ ಈ ಪ್ರದೇಶ 896 ಎಂಬಿ ಗಡಿಯ ಕೆಳಗೇ ಇರಬೇಕೆಂಬ ನಿರ್ಬಂಧ 2013ರ 3.9ನೆಯ ಆವೃತ್ತಿಯಲ್ಲಿ ‘ಹೈ’ ಮತ್ತು ‘ಲೋ’ ಎಂಬ ವಿಭಾಗಗಳು ಬರುವವರೆಗೂ ಉಳಿದಿತ್ತು. ದೊಡ್ಡ ಪಾಲನ್ನು ಮೇಲೆ ಇಟ್ಟರೂ, 32 ಬಿಟ್ಟಿನ ವಿಳಾಸವನ್ನಷ್ಟೇ ಬಲ್ಲ ಸಾಧನಗಳ ಸಲುವಾಗಿ ಚಿಕ್ಕ ಪಾಲೊಂದು ಕೆಳಗೂ ಇರಲೇಬೇಕು.

ಗಾತ್ರನಿರ್ಣಯ

ಎಷ್ಟು ಮೀಸಲಿಟ್ಟರೆ ಸಾಕೆಂಬ ಪ್ರಶ್ನೆಗೆ ಸಾರ್ವತ್ರಿಕವಾದ ಉತ್ತರವಿಲ್ಲ. ರೆಡ್ ಹ್ಯಾಟ್ ಸಂಸ್ಥೆಯ ಎಂಟರ್ಪ್ರೈಸ್ ಲಿನಕ್ಸಿನ 9ನೆಯ ಆವೃತ್ತಿಯು ಎಕ್ಸ್86 ಗಣಕಗಳಿಗೆ, ಒಟ್ಟು ಮೆಮೊರಿ 1ರಿಂದ 4 ಜಿಬಿವರೆಗೆ ಇದ್ದರೆ 192 ಎಂಬಿ, 64 ಜಿಬಿವರೆಗೆ 256 ಎಂಬಿ, ಅದಕ್ಕೂ ಮೇಲೆ 512 ಎಂಬಿ ಎಂದು ಗೊತ್ತುಮಾಡಿತು. ದೊಡ್ಡ ಯಂತ್ರಕ್ಕೆ ಇದೊಂದು ಲೆಕ್ಕವಲ್ಲ. ಕೊರಟಗೆರೆಯಂಥ ತಾಲ್ಲೂಕು ಕೇಂದ್ರದ ಕಚೇರಿಯೊಂದರಲ್ಲಿ 2 ಜಿಬಿಯ ಸರ್ವರ್ ಇದ್ದಿತಾದರೆ, ಅದರ ಮೆಮೊರಿಯ ಹತ್ತರಲ್ಲೊಂದು ಪಾಲಿನಷ್ಟು, ಎಂದೋ ಒಮ್ಮೆ ಬರಬಹುದಾದ ಕುಸಿತಕ್ಕಾಗಿ, ಹಗಲಿರುಳೂ ಖಾಲಿ ಬಿದ್ದಿರಬೇಕಾಗುತ್ತದೆ. ಆದಾಗ್ಯೂ ಅನುಭವಿ ಎಂಜಿನಿಯರ್ ಹತ್ತಿರದಲ್ಲಿಲ್ಲದ ಊರಿನ ಯಂತ್ರಕ್ಕೇ ಡಂಪಿನ ಅಗತ್ಯ ಹೆಚ್ಚು ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಕುಸಿದ ಹೊತ್ತಿನಲ್ಲಿ ಪರದೆಯನ್ನು ನೋಡಿದವರು ಯಾರೂ ಇರದಿದ್ದರೂ, ಪಾವಗಡದಲ್ಲಿ ಬರೆದಿಟ್ಟ ಡಂಪನ್ನು ಬೆಂಗಳೂರಿನಲ್ಲಿ ಕುಳಿತು ಓದಬಹುದು.

ಮೀಸಲು ಸಾಲದೆ ಹೋದರೆ ಆಗುವುದು ಶೋಚನೀಯ. ಸೆರೆಗರ್ನಲ್ ಎದ್ದು, ಡಿಸ್ಕನ್ನು ಕಂಡುಕೊಂಡು, ಡಂಪ್ ಬರೆಯಲು ತೊಡಗಿದ ಮೇಲೆ ಮೆಮೊರಿ ಬರಿದಾದರೆ, ‘ಔಟ್ ಆಫ್ ಮೆಮೊರಿ’ ಎಂಬ ಸಾಲು ಕನ್ಸೋಲಿನಲ್ಲಿ ಮೂಡಿ, ಡಂಪನ್ನು ಬರೆಯುತ್ತಿದ್ದ ಮೇಕ್‌ಡಂಪ್‌ಫೈಲ್ ಎಂಬ ಕ್ರಮವಿಧಿಯೇ ಕೊಲ್ಲಲ್ಪಡಬಹುದು. ಆಗ ಯಂತ್ರ ಮರಳಿ ಏಳುತ್ತದೆ, ಸಾಕ್ಷ್ಯ ಉಳಿಯುವುದಿಲ್ಲ. ಆದಕಾರಣ ಸೆರೆಗರ್ನಲ್ಲಿನ ಹಸಿವನ್ನು ತಗ್ಗಿಸುವ ಉಪಾಯಗಳು ಹಲವು ಬೆಳೆದಿವೆ. ಪ್ರತಿಯೊಂದು ಪ್ರೊಸೆಸರಿಗೂ ಬೇರೆಬೇರೆ ಮೆಮೊರಿ ತಗಲುವುದರಿಂದ ‘ಎನ್‌ಆರ್_ಸಿಪಿಯುಸ್=1’ ಎಂದು ಒಂದನ್ನೇ ನಡೆಸುವುದು, ಮೆಮೊರಿಯ ಬಳಕೆಯನ್ನು ಗುಂಪುಗುಂಪಾಗಿ ಎಣಿಸುವ ಸಿಗ್ರೂಪ್ ಲೆಕ್ಕಪತ್ರವನ್ನು ಕೈಬಿಡುವುದು, ಡಂಪ್ ಸೇರಬೇಕಾದ ಡಿಸ್ಕಿಗೆ ಬೇಕಾದ ಡ್ರೈವರುಗಳನ್ನು ಮಾತ್ರ ಇನಿಟ್‌ರಾಮ್‌ಎಫ್‌ಎಸ್ಸಿನಲ್ಲಿ ಇರಿಸುವುದು ಇವುಗಳಲ್ಲಿ ಮುಖ್ಯವಾದುವು.

ಮೇಕ್‌ಡಂಪ್‌ಫೈಲಿನ ಲೆಕ್ಕವನ್ನು ಇಲ್ಲಿ ಕೊಂಚ ವಿಸ್ತರಿಸುವುದು ಉಚಿತ. ಹಳೆಯ ಮೆಮೊರಿಯ ಪ್ರತಿಯೊಂದು ಪುಟವನ್ನೂ ಪರಿಶೀಲಿಸಿ, ಸೊನ್ನೆಯಷ್ಟೇ ತುಂಬಿದ ಪುಟ, ಎರಡು ಬಗೆಯ ಕ್ಯಾಷ್ ಪುಟ, ಬಳಕೆದಾರರ ಪುಟ, ಖಾಲಿ ಪುಟ ಇವುಗಳನ್ನು ಅದು ಬಿಟ್ಟುಬಿಡಬಲ್ಲದು. ಕ್ರಮವಾಗಿ 1, 2, 4, 8, 16 ಎಂಬ ಅಂಕಗಳ ಮೊತ್ತವಾದ 31ನ್ನು ಕೊಟ್ಟರೆ ಐದನ್ನೂ ಬಿಡುತ್ತದೆ. ಯಾವ ಪುಟ ಬೇಕು, ಯಾವುದು ಬೇಡ ಎಂಬುದನ್ನು ಗುರುತಿಡಲು ಪುಟಕ್ಕೊಂದು ಬಿಟ್ಟಿನಂತೆ ಎರಡು ಬಿಟ್‌ಮ್ಯಾಪುಗಳು ಬೇಕು. 1 ಟಿಬಿ ಮೆಮೊರಿಯಲ್ಲಿ 4 ಕೆಬಿ ಅಳತೆಯ ಪುಟಗಳು 26,84,35,456. ಒಂದೊಂದು ಬಿಟ್‌ಮ್ಯಾಪಿಗೆ 32 ಎಂಬಿಯಂತೆ ಎರಡಕ್ಕೆ 64 ಎಂಬಿ. ಅಂದರೆ ಮೇಲೆ ಉದಾಹರಿಸಿದ 64 ಎಂಬಿಯ ಮೀಸಲು ಪ್ರದೇಶವೆಲ್ಲ ಬರಿಯ ಗುರುತಿಗೇ ತೀರಿಹೋಗುತ್ತಿತ್ತು! ಸರ್ವರುಗಳ ಮೆಮೊರಿ ಬೆಳೆದಂತೆ ಸೆರೆಗರ್ನಲ್ಲಿನ ಪಾಲೂ ಬೆಳೆಯಬೇಕಾಗಿ ಬಂದ ಪ್ರಮೇಯದಲ್ಲಿ, 2012ರಲ್ಲಿ ಬಂದ ಚಕ್ರೀಯ ವಿಧಾನವು ಹಳೆಯ ಮೆಮೊರಿಯನ್ನು ತುಂಡುತುಂಡಾಗಿ ತೆಗೆದುಕೊಂಡು, ನಿಯತವಾದ ಗಾತ್ರದ ಒಂದೇ ಬಿಟ್‌ಮ್ಯಾಪ್ ಜಾಗವನ್ನು ಮರಳಿ ಮರಳಿ ಬಳಸುವ ಏರ್ಪಾಡನ್ನು ಮಾಡಿತು. ಈ ಕ್ಷೇತ್ರದ ಸುಧಾರಣೆಗಳಲ್ಲಿ ಇದನ್ನು ಅತ್ಯಂತ ಫಲಪ್ರದವಾದುವುಗಳಲ್ಲೊಂದೆಂದು ಎಣಿಸಬಹುದು.

ಬೇಕಾದುದಕ್ಕಿಂತ ಹೆಚ್ಚಾಗಿ ಮೀಸಲಿಟ್ಟಿದ್ದರೆ ‘ಸಿಸ್’ ಕೋಶದ ‘ಕೆಎಕ್ಸೆಕ್_ಕ್ರ್ಯಾಷ್_ಸೈಜ್’ ಕಡತದಲ್ಲಿ ಚಿಕ್ಕ ಸಂಖ್ಯೆಯನ್ನು ಬರೆದು, ಸೆರೆಗರ್ನಲ್ಲನ್ನು ಒಳತರುವ ಮೊದಲು, ಯಂತ್ರವನ್ನು ನಿಲ್ಲಿಸದೆಯೇ ಹೆಚ್ಚಿನದನ್ನು ಹಿಂದಕ್ಕೆ ಪಡೆಯಬಹುದು. ಹಿಗ್ಗಿಸಬೇಕಾದರೆ ಮಾತ್ರ ಮತ್ತೆ ಬೂಟ್ ಮಾಡಲೇಬೇಕು.

ಪವರ್ ಯಂತ್ರಗಳು

ಐಬಿಎಂನ ಪವರ್ ಯಂತ್ರಗಳಿಗಾಗಿ ಅದರ ಭಾರತೀಯ ತಂಡದ ಮಹೇಶ್ ಸಳಗಾಂವ್‌ಕರ್ ಸಿದ್ಧಪಡಿಸಿದ ಎಫ್‌ಎಡಂಪ್ ಎಂಬ, ಇದೇ ಉದ್ದೇಶದ ಬೇರೊಂದು ಏರ್ಪಾಡು ಕರ್ನಲ್ಲಿನ 2012ರ 3.4ನೆಯ ಆವೃತ್ತಿಯಲ್ಲಿ ಬಂದಿತು. ಅಲ್ಲಿ ಫರ್ಮ್‌ವೇರೇ ಮೆಮೊರಿಯನ್ನು ಅಳಿಸದೆ ಕಾಪಾಡಿ ಯಂತ್ರವನ್ನು ಮೊದಲಿನಿಂದ ಏಳಿಸುವುದರಿಂದ ಸಾಧನಗಳೆಲ್ಲ ಶುದ್ಧಸ್ಥಿತಿಗೆ ಬಂದಿರುತ್ತವೆ. ಎದ್ದ ಕರ್ನಲ್ ಬೂಟಿಗೆ ಬೇಕಾದಷ್ಟು ಮೆಮೊರಿಯಲ್ಲಿಯೇ ತನ್ನನ್ನು ಅಡಗಿಸಿಕೊಂಡು ಡಂಪನ್ನು ಬರೆದು, ಬಳಿಕ ಉಳಿದುದನ್ನೆಲ್ಲ ಬಿಡಿಸಿಕೊಂಡು ಮಾಮೂಲಿನ ಕೆಲಸಕ್ಕೆ ತೊಡಗುತ್ತದೆ.

ಪರೀಕ್ಷೆ

ನಿರ್ದಿಷ್ಟ ಯಂತ್ರಕ್ಕೆ ಮೀಸಲು ಸಾಕೇ ಎಂಬುದು ಕೋಷ್ಟಕಗಳಿಂದ ನಿಶ್ಚಯವಾಗಲಾರದು. ಬೇಕೆಂದೇ ಯಂತ್ರವನ್ನು ಕೆಡವಿ ನೋಡುವುದೊಂದೇ ನಂಬಬಹುದಾದ ವಿಧಾನ: ಆಡಳಿತಾಧಿಕಾರಿಯು ಕೆಲಸವಿಲ್ಲದ ಹೊತ್ತನ್ನು ಆರಿಸಿಕೊಂಡು, ತೆರೆದ ಕಡತಗಳನ್ನು ಉಳಿಸಿ, ‘ಪ್ರಾಕ್’ ಕೋಶದ ‘ಸಿಸ್‌ಆರ್‌ಕ್ಯು-ಟ್ರಿಗರ್’ ಕಡತಕ್ಕೆ ‘ಸಿ’ ಎಂಬ ಅಕ್ಷರವೊಂದನ್ನು ಬರೆದರೆ ಕರ್ನಲ್ ತತ್‌ಕ್ಷಣ ಕುಸಿಯುತ್ತದೆ. ಡಂಪ್ ಪೂರ್ಣವಾಗಿ ಬರೆಯಲ್ಪಟ್ಟಿದೆಯೇ ಎಂಬುದನ್ನೂ, ‘ಕ್ರ್ಯಾಷ್’ ಎಂಬ ಪರಿಶೀಲನಾ ಉಪಕರಣದಲ್ಲಿ ಅದು ತೆರೆಯುತ್ತದೆಯೇ ಎಂಬುದನ್ನೂ ನೋಡಬೇಕು. ಕರ್ನಲ್ ಬದಲಾದಾಗ, ಹೊಸ ಡಿಸ್ಕಿನ ಕಾರ್ಡು ಸೇರಿದಾಗ, ಮೆಮೊರಿ ಹೆಚ್ಚಿದಾಗ ಈ ಪರೀಕ್ಷೆಯನ್ನು ಮತ್ತೆ ನಡೆಸಬೇಕು.