ಬೆಂಗಳೂರು ಕ್ವಿಯರ್ ಚಲನಚಿತ್ರೋತ್ಸವ

ಲೈಂಗಿಕ ಅಲ್ಪಸಂಖ್ಯಾತರ ಬದುಕು, ಪ್ರೀತಿ, ಹೋರಾಟಗಳ ಸಿನಿಮಾಗಳಿಗೆ ಮೀಸಲಾದ ಬೆಂಗಳೂರಿನ ಉತ್ಸವ. ಸಮುದಾಯದ ಸ್ವಯಂಸೇವಕರೇ ಇದನ್ನು ನಡೆಸುತ್ತ ಬಂದಿದ್ದಾರೆ. ಪ್ರವೇಶ ಉಚಿತ. ಕಥಾಚಿತ್ರ, ಕಿರುಚಿತ್ರ, ಸಾಕ್ಷ್ಯಚಿತ್ರ ಮೂರಕ್ಕೂ ಇಲ್ಲಿ ಜಾಗವಿದೆ.

ಇಂಥ ಉತ್ಸವಗಳಿಗೆ ಒಂದು ಹಳೆಯ ಮಾದರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ. ಅಲ್ಲಿ 1977ರಲ್ಲಿ ಕೆಲವರು ತಾವೇ ತೆಗೆದ ಸೂಪರ್-8 ಚಿತ್ರಗಳನ್ನು ಗೋಡೆಗೆ ಬಿಗಿದ ಹಾಸಿಗೆ ಬಟ್ಟೆಯ ಮೇಲೆ ತೋರಿಸಿದರು. ಮುಂದೆ ಅದೇ 'ಫ್ರೇಮ್‌ಲೈನ್' ಉತ್ಸವವಾಗಿ ಬೆಳೆಯಿತು. ಮುಂಬೈಯಲ್ಲಿ 2003ರಲ್ಲಿ 'ಲರ್ಜಿಶ್', 2010ರಲ್ಲಿ 'ಕಶಿಶ್' ಶುರುವಾದವು.

ಬೆಂಗಳೂರಿನಲ್ಲಿ ಸಿನಿಮಾಕ್ಕಿಂತ ಮೊದಲು ಕೂಟಗಳು ಹುಟ್ಟಿದವು. 'ಗುಡ್ ಆ್ಯಸ್ ಯೂ' ಬಳಗ 1994ರಲ್ಲಿ, 'ಸಂಗಮ' ಸಂಸ್ಥೆ 1999ರಲ್ಲಿ ಆರಂಭವಾದವು. ಟಿ. ಜಯಶ್ರೀ 2004ರಲ್ಲಿ 'ಮೆನಿ ಪೀಪಲ್ ಮೆನಿ ಡಿಸೈರ್ಸ್' ಸಾಕ್ಷ್ಯಚಿತ್ರದಲ್ಲಿ ಈ ಊರಿನ ಗೇ, ಲೆಸ್ಬಿಯನ್, ಹಿಜ್ರಾ ಜನರನ್ನೇ ಕ್ಯಾಮೆರಾ ಮುಂದೆ ಮಾತನಾಡಿಸಿದರು. 2008ರ ಜೂನ್ 29ರಂದು ನಗರದ ಮೊದಲ ಪ್ರೈಡ್ ಮೆರವಣಿಗೆ ಹೊರಟಿತು. ಆ ದಶಕ ಮುಗಿಯುವ ಹೊತ್ತಿಗೆ ಗುಡ್ ಆ್ಯಸ್ ಯೂ, ಸ್ವಭಾವ, ಪೆಡೆಸ್ಟ್ರಿಯನ್ ಪಿಕ್ಚರ್ಸ್ ಮೊದಲಾದ ಬಳಗಗಳು ಕೈಜೋಡಿಸಿ ಚಿತ್ರೋತ್ಸವ ಕಟ್ಟಿದವು.

ಪ್ರದರ್ಶನಗಳು ಹೆಚ್ಚಾಗಿ ನಡೆದದ್ದು ಅಲಿಯಾನ್ಸ್ ಫ್ರಾನ್ಸೇಸ್, ಮ್ಯಾಕ್ಸ್ ಮುಲ್ಲರ್ ಭವನಗಳಲ್ಲಿ. ಟಾಕೀಸುಗಳ ಅನುಭವ ಬೇರೆಯೇ ಇತ್ತು: ಇಬ್ಬರು ಹೆಂಗಸರ ಪ್ರೀತಿಯ ಕಥೆ ಹೇಳುವ, ದೀಪಾ ಮೆಹ್ತಾ ಅವರ 'ಫೈರ್' ತೆರೆಕಂಡ ಮೇಲೆ, 1998ರ ಡಿಸೆಂಬರಿನಲ್ಲಿ, ಮುಂಬೈ ಮತ್ತು ದೆಹಲಿಯ ಚಿತ್ರಮಂದಿರಗಳ ಮೇಲೆ ದಾಳಿ ನಡೆದಿತ್ತು. ಕಾನೂನೂ ಸ್ಥಿರವಾಗಿರಲಿಲ್ಲ. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 1860ರ ದಂಡಸಂಹಿತೆಯ 377ನೇ ಕಲಮನ್ನು ದೆಹಲಿ ಹೈಕೋರ್ಟ್ 2009ರ ಜುಲೈ 2ರಂದು ಸಡಿಲಿಸಿತು, ಸುಪ್ರೀಂ ಕೋರ್ಟ್ 2013ರ ಡಿಸೆಂಬರ್ 11ರಂದು ಮತ್ತೆ ಬಿಗಿಗೊಳಿಸಿತು, 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯ ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು.

ಉತ್ಸವದ ಮಹತ್ವ ಮನರಂಜನೆಯಲ್ಲಷ್ಟೇ ಇಲ್ಲ, ಇಂಥ ಚಿತ್ರಗಳನ್ನು ಜನರ ನೆನಪಿನಲ್ಲಿ ಉಳಿಸುವುದರಲ್ಲೂ ಇದೆ. ಏಕೆಂದರೆ ಈ ಬಗೆಯ ಚಿತ್ರಗಳ ಪ್ರತಿಗಳು ಬೇಗ ಕಳೆದುಹೋಗುತ್ತವೆ. ಜರ್ಮನಿಯ 'ಆಂಡರ್ಸ್ ಆಲ್ಸ್ ದಿ ಆಂಡರ್ನ್' (1919) ನಾತ್ಸಿಗಳ ಕೈಗೆ ಸಿಕ್ಕು ತುಣುಕುಗಳಾಗಿಯಷ್ಟೇ ಉಳಿಯಿತು. ಪ್ರೇಮ್ ಕಪೂರ್ ಅವರ ಹಿಂದಿ ಚಿತ್ರ 'ಬದ್‌ನಾಮ್ ಬಸ್ತಿ' (1971) ಕಳೆದೇ ಹೋಯಿತೆಂದುಕೊಂಡಿದ್ದಾಗ ಅದರ 35 ಎಂ.ಎಂ. ಪ್ರತಿ ಬರ್ಲಿನ್ನಿನ ಆರ್ಸೆನಲ್ ಸಂಗ್ರಹದಲ್ಲಿ ಸಿಕ್ಕಿತು. ಒಂದು ಪ್ರತಿ ಎಲ್ಲೋ ಉಳಿದಿದ್ದರಿಂದ ಚಿತ್ರ ಉಳಿಯಿತು. ಬೆಂಗಳೂರಿನಲ್ಲಿ ಈ ಜೋಪಾನದ ಕೆಲಸವನ್ನು ಮಾಡುತ್ತಿರುವುದು 'ಕಮ್ರಾ' ಎಂಬ ಕ್ವಿಯರ್ ದಾಖಲಾಗಾರ. 377ರ ಮೊಕದ್ದಮೆಯ ಕಾಲದಲ್ಲಿ ಜಯಶ್ರೀ ಚಿತ್ರೀಕರಿಸಿದ ದೃಶ್ಯಗಳು ಅದರ ಮೂಲ ಬಂಡವಾಳ. ಈಗ ಅದು ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಆಶ್ರಯದಲ್ಲಿದೆ.

ಉತ್ಸವದ ಮಿತಿ ಮುಖ್ಯವಾಗಿ ದೂರದ್ದು, ಭಾಷೆಯದು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಂಥ ಹಳ್ಳಿಯಿಂದ ಬೆಂಗಳೂರು ಐನೂರು ಕಿ.ಮೀ.ಗೂ ಹೆಚ್ಚು. ಆದರೆ ಉತ್ತರ ಕರ್ನಾಟಕದ ಈ ಸೀಮೆಗೆ ತನ್ನದೇ ಹಳೆಯ ಪರಂಪರೆಯಿದೆ. ದೇವಿ ಎಲ್ಲಮ್ಮ ಮೈದುಂಬಿದಳೆಂದು ನಂಬಿ, ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು, ಹಣೆಗೆ ಭಂಡಾರ ಬಳಿದು ಚೌಡಿಕೆ ನುಡಿಸುತ್ತ ಪದ ಹೇಳುವ ಜೋಗಪ್ಪಗಳು ಸವದತ್ತಿ ಗುಡ್ಡದ ಹುಣ್ಣಿಮೆ ಜಾತ್ರೆಗೆ ಇಂದಿಗೂ ಬರುತ್ತಾರೆ. ಅವರ ಚರಿತ್ರೆ ಇರುವುದು ರೀಲುಗಳಲ್ಲಲ್ಲ, ಬಾಯಿಪಾಠದಲ್ಲಿ. ಆದರೂ ಇದೇ ಪರಂಪರೆಯ ಬಗ್ಗೆ ಗಡಿಯಾಚೆಯ ಮರಾಠಿಯಲ್ಲಿ ರಾಜೀವ್ ಪಾಟೀಲ್ 'ಜೋಗವಾ' (2009) ತೆಗೆದರು. ಜೋಗತಿಯಂತೆ ಬದುಕಬೇಕಾಗಿ ಬಂದ ಯುವಕನ ಪಾತ್ರಕ್ಕೆ ಉಪೇಂದ್ರ ಲಿಮಯೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಇದೇ ಪರಂಪರೆಯ, ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು.

ಕನ್ನಡ ಕಥಾಚಿತ್ರ ಲೈಂಗಿಕ ಅಲ್ಪಸಂಖ್ಯಾತರ ಬದುಕನ್ನು ತಡವಾಗಿಯೇ ಗಂಭೀರವಾಗಿ ಮುಟ್ಟಿತು. ಟ್ರಾನ್ಸ್ ಮಹಿಳೆ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧರಿಸಿದ, ಬಿ.ಎಸ್. ಲಿಂಗದೇವರು ನಿರ್ದೇಶನದ 'ನಾನು ಅವನಲ್ಲ... ಅವಳು' ಚಿತ್ರದ ಅಭಿನಯಕ್ಕಾಗಿ ಸಂಚಾರಿ ವಿಜಯ್ 62ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ನಟರೆನಿಸಿಕೊಂಡರು. 2015ರಲ್ಲಿ ಅದು ತೆರೆಕಂಡದ್ದು ಮಾಮೂಲಿ ಚಿತ್ರಮಂದಿರಗಳಲ್ಲೇ.