ವಿಮಾನಪುರ: ರಸ್ತೆಗೆ ಹೆಸರಾಗದವರು

ವಿಮಾನಪುರ ಅಂದರೆ ಬೆಂಗಳೂರಿನವರಿಗೇ ಕೂಡಲೇ ಗುರುತು ಹತ್ತುವುದಿಲ್ಲ. ‘ಎಚ್‌ಎಎಲ್ ಹತ್ತಿರ’ ಅಂದರೆ ಆಟೋದವರು ತಲೆಯಾಡಿಸುತ್ತಾರೆ. ಪಿನ್ ಕೋಡ್ 560017. 1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆಗೂಡಿ ಇಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರು ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು ಇಲ್ಲಿ ವಿಮಾನ ರಿಪೇರಿ ಮಾಡಿಸಿದರು, ಯುದ್ಧ ಮುಗಿದ ಮೇಲೆ ರೈಲು ಬೋಗಿಗಳೂ ತಯಾರಾದವು. 1964ರ ಅಕ್ಟೋಬರ್ 1ರಿಂದ ಈಗಿನ ಹೆಸರು, ಹಿಂದೂಸ್ಥಾನ್ ಏರೋನಾಟಿಕ್ಸ್. ಇಷ್ಟನ್ನು ಯಾವ ಕೈಪಿಡಿ ತೆಗೆದರೂ ಓದಬಹುದು.

ಕಾರ್ಖಾನೆಗಿಂತ ಹಳೆಯದು ಪಕ್ಕದ ವಿಭೂತಿಪುರ. ಅಲ್ಲಿನ ವೀರಭದ್ರ ದೇವಸ್ಥಾನದಲ್ಲಿ 1307ರ ಒಂದು ತಮಿಳು ಶಾಸನವಿದೆ, ಹೊಯ್ಸಳ ಮೂರನೇ ಬಲ್ಲಾಳನ ಕಾಲದ್ದು. ಕಾಡು ಕಡಿದು ನೆಲ ಸಮ ಮಾಡಿ ಕೆರೆ ಕಟ್ಟಿದ ವಿಷಯ ಅದರಲ್ಲಿ ಬರುತ್ತದೆ. ಕೆರೆಯ ಕೆಲಸವನ್ನು ಕಲ್ಲಿನಲ್ಲಿ ಕೊರೆಸಿಟ್ಟ ನೆಲ ಇದು. ಆರು ಶತಮಾನ ದಾಟಿದ ಮೇಲೆ ಇದೇ ನೆಲದಲ್ಲಿ ವಿಮಾನ ಕಟ್ಟಿದವರ ಪೈಕಿ ಎಷ್ಟು ಜನರ ಹೆಸರು ಎಲ್ಲಿ ಬರೆದಿದೆ ಎಂದು ಹುಡುಕಲು ಹೋಗಿ ನನಗೆ ಸಿಕ್ಕಿದ್ದು ಬಹಳ ಕಡಿಮೆ.

ದೊಡ್ಡವರ ಹೆಸರು ಇದೆ, ಇಲ್ಲವೆನ್ನುವುದಿಲ್ಲ. ಜರ್ಮನಿಯ ಗಾಟಿಂಗೆನ್‌ನಲ್ಲಿ ಪ್ರಾಂಟ್ಲ್ ಅವರ ಶಿಷ್ಯರಾಗಿದ್ದು ಬಂದ ಡಾ. ವಿ.ಎಂ. ಘಾಟಗೆ, 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸಕಾರರು. ಅವರ ಹೆಸರಿನ ಸಭಾಂಗಣವಿದೆ. ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವರ ಹೆಸರಿನ ರಸ್ತೆಯೂ ಇದೆ. ದಿನಾ ಆ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಶಪಿಸುವವರಲ್ಲಿ ಎಷ್ಟು ಮಂದಿಗೆ ಗೊತ್ತೋ, ಆತ ಮಾರುತ್ ಯುದ್ಧವಿಮಾನವನ್ನು ಮೊದಲು ಹಾರಿಸಿದ ಟೆಸ್ಟ್ ಪೈಲಟ್. 1970ರ ಜನವರಿ 10ರಂದು ಮಾರುತ್‌ನಲ್ಲೇ ತೀರಿಕೊಂಡರು. ಬೋರ್ಡಿನ ಮೇಲೆ ಒಂದು ಸಾಲು ಬರೆಸಿದ್ದರೆ ಯಾರ ಗಂಟೇನೂ ಹೋಗುತ್ತಿರಲಿಲ್ಲ.

ಅಪ್ಪ ಕೂತಿದ್ದು ಆ ವಿಮಾನದ ಸ್ಟ್ರೆಸ್ ಆಫೀಸಿನಲ್ಲಿ. ರೆಕ್ಕೆಯ ಯಾವ ಭಾಗ ಎಷ್ಟು ಭಾರ ತಡೆಯುತ್ತದೆ ಎಂದು ಲೆಕ್ಕ ಹಾಕುವ ಕೆಲಸ, ಕೈಯಲ್ಲಿ ಸ್ಲೈಡ್ ರೂಲ್. ಹಾಸನದ ಕಡೆಯಿಂದ ಬಂದವರು. ಕಾರ್ಖಾನೆಯ ಕಾಗದ ಒಂದೂ ಮನೆಗೆ ಬರುವಂತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ‘ಇವತ್ತು ಏನು ಮಾಡಿದ್ರಿ’ ಅಂತ ಅಮ್ಮ ಕೇಳಿದರೆ ‘ಕೂಡಿಸಿದೆ, ಕಳೆದೆ’ ಅನ್ನುತ್ತಿದ್ದರು. ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಅಮ್ಮನಿಗೆ ಟೈಫಾಯ್ಡ್ ಆಗಿ ಅಡುಗೆಮನೆ ಅಪ್ಪನ ಪಾಲಿಗೆ ಬಂದಾಗ ಡಬ್ಬಿಗಳಿಗೆಲ್ಲ ಚೀಟಿ ಅಂಟಿತು. ಪೆನ್ಸಿಲ್ಲಿನ ಮೊನೆಯನ್ನು ಬ್ಲೇಡಿನಿಂದ ಉಳಿಯ ಹಾಗೆ ಚಪ್ಪಟೆ ಹೆರೆದು, ಮೇಲೊಂದು ಕೆಳಗೊಂದು ತೆಳುಗೆರೆ ಎಳೆದು, ನಡುವೆ ನಕ್ಷೆಯ ಅಕ್ಷರ: ‘ತೊಗರಿಬೇಳೆ’, ‘ಹುಣಸೆಹಣ್ಣು, ಹಳೆಯದು’, ‘ಹುಣಸೆಹಣ್ಣು, ಹೊಸದು’. ಅಮ್ಮ ಹುಷಾರಾದ ಮೇಲೆ ಡಬ್ಬಿಗಳ ಜಾಗ ಬದಲಾಯಿಸಿದರು. ಅಪ್ಪ ಜಗಳವಾಡಲಿಲ್ಲ, ಚೀಟಿ ಕಿತ್ತು ಹೊಸದಾಗಿ ಬರೆದು, ಮೂಲೆಯಲ್ಲಿ ಸಣ್ಣದಾಗಿ ‘ತಿದ್ದುಪಡಿ 1’ ಅಂತ ಹಾಕಿದರು.

ಸುರಂಜನ್ ದಾಸ್ ತೀರಿಕೊಂಡ ದಿನ ತಡರಾತ್ರಿ ಬಂದರು. ಮಾರನೆಯ ದಿನ ಸೈರನ್ ಆಗುವ ಮೊದಲೇ ಹೊರಟರು. ಅದರ ಬಗ್ಗೆ ಕೊನೆಯವರೆಗೂ ಒಂದು ಮಾತೂ ಆಡಲಿಲ್ಲ.

ಬಾಯಿಬಿಟ್ಟು ವಾದಿಸುತ್ತಿದ್ದದ್ದು ಒಂದೇ ವಿಷಯಕ್ಕೆ. ಮಾರುತ್ ಮೊದಲು ಹಾರಿದ್ದು ಎಂದು? ಪಾರ್ಕಿನ ಬೆಂಚಿನ ಮೇಲಿನ ನಿವೃತ್ತರಲ್ಲಿ ಎರಡು ಪಂಗಡ, 1961ರ ಜೂನ್ 17 ಅನ್ನುವವರು ಕೆಲವರು, ಜೂನ್ 24 ಅನ್ನುವವರು ಕೆಲವರು. ಅಚ್ಚಾದ ಬರಹಗಳಲ್ಲೂ ಎರಡು ತಾರೀಖೂ ಸಿಗುತ್ತವೆ. ನಾನು ಹುಡುಕಿ ನೋಡಿದಾಗ ಜಗಳ ತಾನೇ ಬಗೆಹರಿಯಿತು. 17ರಂದು ನಿಜವಾದ ಮೊದಲ ಹಾರಾಟ, 24ರಂದು ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಎದುರು ಅಧಿಕೃತ ಪ್ರದರ್ಶನ. ಅಪ್ಪ ಹದಿನೇಳರ ಪಂಗಡ. ‘ಮಿನಿಸ್ಟ್ರು ನೋಡಿದ ಮೇಲೇ ಹಾರಿತು ಅನ್ನೋದಾದರೆ ನಾವು ವಾರವಿಡೀ ಏನು ಗಾಳಿಪಟ ಬಿಡ್ತಿದ್ವಾ’ ಎಂದು ರೇಗುತ್ತಿದ್ದರು.

ವಿನ್ಯಾಸದ ಮುಖ್ಯಸ್ಥ ಜರ್ಮನಿಯ ಕುರ್ಟ್ ಟ್ಯಾಂಕ್, 1956ರಲ್ಲಿ ಬಂದವರು. ಜೆಟ್ ಕಟ್ಟುವ ಮೊದಲು ಅದೇ ಅಳತೆಯ ಮರದ ಗ್ಲೈಡರ್ ಕಟ್ಟಿ, ಡಕೋಟದ ಹಿಂದೆ ಎಳೆಸಿ ಹಾರಿಸಿ ನೋಡಿದರು. ಒಟ್ಟು 147 ಮಾರುತ್ ತಯಾರಾದವು, 1971ರಲ್ಲಿ ಲೋಂಗೆವಾಲಾ ಕಡೆಯ ಯುದ್ಧದಲ್ಲಿ ದುಡಿದವು. ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಆರ್ಫಿಯಸ್ ಎಂಜಿನ್ನಿನಲ್ಲೇ ದಿನ ದೂಡಿದ ಆ ವಿಮಾನವನ್ನು ‘ಸೋತ ಯೋಜನೆ’ ಅನ್ನುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ, ಅಪ್ಪನ ಮಗ ಅಂತಲೇ ಇರಬಹುದು. ಒಂದು ಮಾರುತ್ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ನಿಂತಿದೆ. ಮೊಮ್ಮಗಳು ಅಲ್ಲಿ ‘ತಾತ, ನೀವು ಓಡಿಸ್ತಿದ್ರಾ?’ ಅಂದಾಗ ಅಪ್ಪ ರೆಕ್ಕೆಯ ಬುಡದ ರಿವೆಟ್ ಸಾಲು ತೋರಿಸಿ ಎಣಿಸು ಅಂದರು. ಅವಳು ಐಸ್‌ಕ್ರೀಂ ಕೇಳಿದಳು, ಕೊಡಿಸಿದರು.

2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದವು. ನಮ್ಮ ಏರ್‌ಪೋರ್ಟ್ ರಸ್ತೆಗೆ ‘ಹಳೇ’ ಅನ್ನುವ ವಿಶೇಷಣ ಅಂಟಿತು. ಹಳೆಯ ಕ್ವಾರ್ಟರ್ಸಿನ ನೆರೆಹೊರೆಯವರು ವೈಟ್‌ಫೀಲ್ಡ್‌ಗೆ, ಮಕ್ಕಳಿರುವ ಊರುಗಳಿಗೆ ಚದುರಿದ್ದಾರೆ. ಯಾವ ಮನೆಯವರು ಯಾವ ಶಾಪ್‌ನಲ್ಲಿ ಇದ್ದರು ಎಂದು ನಾನೊಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಹೇಳುವವರು ಹೆಚ್ಚಾಗಿ ಹೆಂಗಸರು: ಶಿಫ್ಟ್, ಓವರ್‌ಟೈಮ್, ಊಟದ ಡಬ್ಬಿಯ ಲೆಕ್ಕದಲ್ಲಿ ಅವರಿಗೆ ಎಲ್ಲ ನೆನಪಿದೆ. ಸದ್ಯಕ್ಕೆ ಪಟ್ಟಿಯಲ್ಲಿ ಎಂಜಿನಿಯರುಗಳಿಗಿಂತ ಬಡಗಿಗಳೇ ಹೆಚ್ಚು.